ಬುತ್ತಿ ಬೇಡದ ಊರು

ಕ್ಯಾಲೆಂಡರಿಗೂ ಒಂದು ಧರ್ಮ ಅಂತ ಇರಬೇಕು. ಇವತ್ತು ಅಮಾವಾಸ್ಯೆಯೋ ಹುಣ್ಣಿಮೆಯೋ ಹೇಳಬೇಕು. ಹಾಲಿನವನು ಬಾರದ ದಿನಕ್ಕೆ ಸುತ್ತು ಹಾಕಲು ಒಂದಿಷ್ಟು ಬಿಳಿ ಜಾಗ ಬಿಡಬೇಕು. ಈ ವರ್ಷ ನಮ್ಮ ಅಡುಗೆಮನೆಯ ಮೊಳೆಗೆ ನೇತುಬಿದ್ದಿರುವ ಕ್ಯಾಲೆಂಡರು ಇವೆರಡರಲ್ಲಿ ಒಂದನ್ನೂ ಮಾಡುವುದಿಲ್ಲ. ಮೊಮ್ಮಗಳು ಯಾವುದೋ ಟ್ರಾವೆಲ್ಸ್ ಅಂಗಡಿಯಿಂದ ಪುಕ್ಕಟೆ ತಂದದ್ದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ನಾನು ನೋಡುವವಳೇ. ಎಪ್ಪತ್ತು ದಾಟಿದ ಮೇಲೆ ಮನುಷ್ಯರಿಗೆ ಅಷ್ಟು ಹಕ್ಕಾದರೂ ಇರಬೇಡವೆ?

ಅದರಲ್ಲಿ ತಾರೀಖುಗಳಿಗಿಂತ ದಪ್ಪ ಅಕ್ಷರದಲ್ಲಿ, ತಿಂಗಳಿಗೊಂದರಂತೆ ಒಂದು ಪಟ್ಟಿ ಇದೆ. ಏಷ್ಯಾದ ಎರಡೆರಡು ಪಟ್ಟಣ, ಅವುಗಳ ನಡುವೆ ಎಷ್ಟು ದೂರ, ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು. ದಿಲ್ಲಿಯಿಂದ ಕಠ್ಮಂಡು, ಬ್ಯಾಂಕಾಕಿನಿಂದ ಸಿಂಗಪುರ. ನಾನು ಈ ಜನ್ಮದಲ್ಲಿ ಹೋಗದ ಊರುಗಳಿಂದ ಹೋಗದ ಊರುಗಳಿಗೆ. ಮೊನ್ನೆ ಒಲೆಯ ಮೇಲೆ ಬೇಳೆ ಇಟ್ಟು, ಅದು ಬೇಯುವ ತನಕ ಏನು ಮಾಡುವುದೆಂದು ಕನ್ನಡಕ ಏರಿಸಿ ಓದುತ್ತ ನಿಂತೆ. 'ಕಲ್ಕತ್ತಾ–ಯಾಂಗೊನ್: ಸಾವಿರ ಕಿಲೋಮೀಟರಿಗೆ ತುಸು ಹೆಚ್ಚು, ಎರಡು ತಾಸಿನೊಳಗೆ.' ಈ ಯಾಂಗೊನ್ ಯಾವುದೇ ಮಗಳೇ ಎಂದು ಕೇಳಿದೆ. "ಮೊದಲು ರಂಗೂನ್ ಅಂತಿದ್ದರಂತೆ ಅಜ್ಜಿ" ಎಂದಳು. ಬೇಳೆ ಸೀದುಹೋಯಿತು.

ನನ್ನ ಅಜ್ಜಿ, ಅಂದರೆ ನಮ್ಮಪ್ಪನ ತಾಯಿ ಸಂಗಮ್ಮ, ಮೈಲಿ ಗೊತ್ತಿಲ್ಲದೆ ಬದುಕಿದವಳು. ಆದೋನಿಯ ನಮ್ಮ ಓಣಿಯಲ್ಲಿ ಅವಳನ್ನು ಬುತ್ತಿ ಸಂಗಮ್ಮ ಎನ್ನುತ್ತಿದ್ದರು. ಅವಳು ಊರಿನಿಂದ ಊರಿಗೆ ಇರುವ ದೂರವನ್ನು ದಾರಿಯಲ್ಲಿ ಎಷ್ಟು ಸಲ ಬುತ್ತಿ ಬಿಚ್ಚಬೇಕು ಎನ್ನುವುದರ ಮೇಲೆ ಅಳೆಯುತ್ತಿದ್ದಳು. ನಾಗಲದಿನ್ನೆಗೆ ಹೊಳೆಸ್ನಾನಕ್ಕೆ ಗಾಡಿ ಕಟ್ಟಿದರೆ ಒಂದು ಬುತ್ತಿ. ಮದರಾಸಿಗೆ ಮೇಲ್ ಗಾಡಿಯಲ್ಲಿ ಎರಡು ಬುತ್ತಿ, ಮುಂಬಯಿಗೂ ಎರಡೇ. ನನ್ನ ಸೋದರತ್ತೆ ಇದ್ದ ಹಾಲಹರವಿ ಮಾತ್ರ ಜಗಳಗಂಟ ಊರು. ಬೇಸಿಗೆಯಲ್ಲಿ ಒಂದು ಬುತ್ತಿಯ ದೂರ, ಮಳೆ ಬಿದ್ದರೆ ಎರಡು ಬುತ್ತಿ, ಏಕೆಂದರೆ ಎರೆಮಣ್ಣಿನಲ್ಲಿ ಗಾಲಿ ಹೂತು ಎತ್ತುಗಳು ನಡುದಾರಿಯಲ್ಲಿ ಮಲಗಿಬಿಡುತ್ತಿದ್ದವು. ಮೈಲಿಗಲ್ಲಿಗೆ ಇಂಥ ಸೂಕ್ಷ್ಮ ಎಲ್ಲಿಂದ ಬರಬೇಕು? ಅದು ಮಳೆಯಲ್ಲೂ ಬಿಸಿಲಲ್ಲೂ ಒಂದೇ ಸುಳ್ಳು ಹೇಳುತ್ತದೆ.

ದೂರಕ್ಕೆ ತಕ್ಕಂತೆ ಬುತ್ತಿಯ ಜಾತಿಯೂ ಬದಲಾಗುತ್ತಿತ್ತು. ಒಂದು ಬುತ್ತಿಯ ಊರಿಗೆ ಮೊಸರು ಕಲಸಿದ ಅನ್ನ, ಅದರ ಮೇಲೆ ಒಗ್ಗರಣೆಯ ಮೆಣಸಿನಕಾಯಿ. ಎರಡು ಬುತ್ತಿಗೆ ಮೆತ್ತನೆ ರೊಟ್ಟಿ, ಶೇಂಗಾ ಹಿಂಡಿ. ಅದಕ್ಕೂ ಮೀರಿದರೆ ಕಟಕ ರೊಟ್ಟಿ, ಗುರೆಳ್ಳು ಪುಡಿ. ಆ ಕಟಕ ರೊಟ್ಟಿ ಮುರಿಯುವ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು; ಓ, ಇವರ ಮನೆಯವರು ಯಾರೋ ದೂರ ಹೊರಟರು ಎಂದು ಓಣಿಗೆ ತಿಳಿಯುತ್ತಿತ್ತು. ಇನ್ನು ಊಟದ ಹೊತ್ತಿನೊಳಗೆ ಹೋಗಿ ಮುಟ್ಟಬಹುದಾದ ಜಾಗಗಳು ಬುತ್ತಿ ಬೇಡದ ಊರುಗಳು. ಅವನ್ನು ಅಜ್ಜಿ ಊರು ಎಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಲ್ಲಿಗೆ ಹೋಗುವವರನ್ನು ಬಾಗಿಲತನಕ ಕಳಿಸಲೂ ಏಳುತ್ತಿರಲಿಲ್ಲ.

ಮಗಳನ್ನು ಕೊಡುವವರು, ಅರಳೆ ಮಾರಲು ಹೊರಡುವವರು ಮೊದಲು ನಮ್ಮ ಕಟ್ಟೆಗೆ ಬಂದು, "ಸಂಗಮ್ಮಾ, ಇಂಥಾ ಊರು ಎಷ್ಟು ಬುತ್ತಿ?" ಎಂದು ಕೇಳಿಯೇ ಮುಂದಿನ ಮಾತು. ಅವಳು ಒಮ್ಮೆ ಹೇಳಿದ ಲೆಕ್ಕ ಬದಲಿಸುತ್ತಿರಲಿಲ್ಲ. ಕಂದಾಯದ ಸಾಹೇಬರ ಅಳತೆಯನ್ನಾದರೂ ಪ್ರಶ್ನಿಸಬಹುದಿತ್ತು, ನಮ್ಮಜ್ಜಿಯದನ್ನಲ್ಲ. ನಾನಂತೂ ಆ ವಿದ್ಯೆಯನ್ನು ಗಟ್ಟಿಯಾಗಿ ಕಲಿತೆ. ಶಾಲೆಯಲ್ಲಿ ನಮ್ಮ ತೆಲುಗು ಪಂತುಲು ಮದರಾಸು ಎಷ್ಟು ದೂರ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ, "ರೆಂಡು ಬುತ್ತುಲು ಸಾರ್" ಎಂದೆ. "ಏಮಿಟೇ ಅದಿ? ಮೈಳ್ಳು ಚೆಪ್ಪವೇ!" ಎಂದು, ಮೈಲಿಯಲ್ಲಿ ಹೇಳೆಂದು ಅವರು ಬೆತ್ತ ಆಡಿಸಿದರು. ಮನೆಗೆ ಬಂದು ಅತ್ತರೆ ಅಜ್ಜಿ, "ಮೈಲು ಉಣ್ಣಾಕ ಬರತಾವೇನು? ಆ ಪಂತುಲು ಒಮ್ಮೆ ಹಸಗೊಂಡು ಮದರಾಸಿಗೆ ಹೋಗಿ ಬರಲಿ, ತಿಳೀತೈತಿ" ಎಂದಳು. ಆಗಿನಿಂದ ನಾನು ಭೂಗೋಳದಲ್ಲಿ ಹಿಂದೆ ಬಿದ್ದವಳು, ಇವತ್ತಿನತನಕ ಮುಂದೆ ಬಂದಿಲ್ಲ.

ಆಗ ಆದೋನಿ ಬಳ್ಳಾರಿ ಜಿಲ್ಲೆಯದು, ಎಲ್ಲ ಸೇರಿ ಮದರಾಸಿನ ಕೈಕೆಳಗೆ. ನಮ್ಮಪ್ಪ ಅರಳೆ ವ್ಯಾಪಾರಿ. ಅವನ ತಮ್ಮ ಚನ್ನಪ್ಪ ಚಿಗಪ್ಪನಿಗೆ ಅರಳೆಯ ಧೂಳು ಒಗ್ಗಲಿಲ್ಲ. ಹತ್ತಿ ಬಿಡಿಸುವ ಜಿನ್ನಿನ ಮುಂದೆ ಹಾದರೂ ಸೀನು ಬರುತ್ತಿತ್ತು. ಮಾತಿನಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಓಣಿಯವರು ಚುಚ್ಚಲು ಶುರುಮಾಡಿದಾಗ, ಪೇಟೆಯ ಸಾಹುಕಾರರೊಬ್ಬರ ಪರಿಚಯ ಹಿಡಿದು ರಂಗೂನಿನ ಬಟ್ಟೆ ಅಂಗಡಿಯೊಂದಕ್ಕೆ ಗುಮಾಸ್ತನಾಗಿ ಹೊರಟ. ಆ ಮೊದಲ ಸಲ ನಮ್ಮ ಮನೆಯಲ್ಲಿ ಆದ ಗದ್ದಲ ನನಗೆ ಮಸಕಾಗಿ ನೆನಪಿದೆ. ಕಲ್ಕತ್ತಾಕ್ಕೆ ಮೂರು ಬುತ್ತಿ ಎಂದು ಅಜ್ಜಿ ಯಾರನ್ನೋ ಕೇಳಿ ಗೊತ್ತುಮಾಡಿಕೊಂಡಿದ್ದಳು. ಅಲ್ಲಿಂದ ಮುಂದೆ ಹಡಗು. ಸಮುದ್ರಕ್ಕೆ ಎಷ್ಟು ಬುತ್ತಿ ಕಟ್ಟಬೇಕೆಂದು ಅವಳಿಗೆ ಹೇಳುವವರು ಆದೋನಿಯಲ್ಲೇ ಇರಲಿಲ್ಲ. ಒಂದು ಗೋಣಿಚೀಲದ ತುಂಬ ಕಟಕ ರೊಟ್ಟಿ ಬಡಿದು, ಬಡಿಯುತ್ತಲೇ ಅತ್ತಳು. ಲೆಕ್ಕ ಸಿಗದ ದೂರ ಅವಳನ್ನು ಅಷ್ಟು ಹೆದರಿಸಿತ್ತು.

ಕೆಲವು ವರ್ಷಗಳ ಮೇಲೆ ಚಿಗಪ್ಪ ರಜೆಗೆ ಬಂದ. ಬರ್ಮಾದ ಲುಂಗಿ, ನನಗೊಂದು ಬಣ್ಣದ ಕಾಗದದ ಕೊಡೆ, ಮೈತುಂಬ ಸುದ್ದಿ. ಅಜ್ಜಿ ಅವನ ಕೈ ಬಿಡದೆ, "ಹಡಗದಾಗ ಏನು ಉಂಡ್ಯೋ? ರೊಟ್ಟಿ ಸಾಕಾದುವೇನು?" ಎಂದು ಕೇಳುತ್ತಿದ್ದಳು. ಅವನು ಹಡಗಿನ ಕೆಳ ಡೆಕ್ಕಿನಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಬಂದವನು. ಅದನ್ನು ತಾಯಿಗೆ ಹೇಳುವುದು ಹೇಗೆ? ಅವತ್ತು ಮಾಳಿಗೆಯ ಮೇಲೆ ಶೇಂಗಾ ಸುಲಿಯುತ್ತ ಎಲ್ಲರೂ ಕೂತಿದ್ದಾಗ ಅವನು ವಿಮಾನದ ಕಥೆ ತೆಗೆದ.

"ಅವ್ವಾ, ರಂಗೂನಿನಾಗ ಮುಂಜಾನಿ ಉಂಡು ವಿಮಾನ ಹತ್ತಿದ್ರ, ಇಳಿಹೊತ್ತಿಗೆ ಕಲ್ಕತ್ತಾದಾಗ ಚಾ ಕುಡೀಬೌದು."

ಅಜ್ಜಿಯ ಕೈ ನಿಂತಿತು. "ನಡುವ ಉಣ್ಣಂಗಿಲ್ಲ?"

"ಉಣ್ಣಾಕ ಹೊತ್ತೆಲ್ಲಿ ಐತಿ?"

"ಅಂದ್ರ ಬುತ್ತಿ ಬ್ಯಾಡ?"

"ಬ್ಯಾಡ."

"ನಾಗಲದಿನ್ನಿಗೆ ಒಂದು ಬುತ್ತಿ ಬೇಕಲ್ಲೋ!"

"ಅದಕ್ಕ ಹೇಳೂದು, ನಾಗಲದಿನ್ನಿಗಿಂತ ರಂಗೂನು ಹತ್ರ. ಸುಮ್ಮನ ಹೆದರತಿ ನೀನು."

"ನೀನೂ ಇನ್ನ ಮ್ಯಾಲ ಅದರಾಗ ಬರತೀಯೇನು?"

"ಮತ್ತ?" ಎಂದ ಚಿಗಪ್ಪ. ನಮ್ಮಪ್ಪನ ಕಡೆ ತಿರುಗಿ ಕಣ್ಣು ಹೊಡೆದ.

ಅಜ್ಜಿ ಆ ದಿನ ನಕ್ಕ ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇಷ್ಟು ವರ್ಷ ಎದೆಯ ಮೇಲಿದ್ದ ಸಮುದ್ರವನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಿದ್ದರು. ಕಲ್ಕತ್ತಾ ಏನು ಮಹಾ, ರೈಲಿರುವ ಊರು. ಅಲ್ಲಿಂದಾಚೆಗೆ ಬುತ್ತಿಯೇ ಬೇಡ. ಮರುದಿನ ನೀರಿಗೆ ಹೋದವಳು ಇಡೀ ಓಣಿಗೆ ಹೇಳಿ ಬಂದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ನಮ್ಮಜ್ಜಿಗೆ ಆ ಬೆಟ್ಟವೇ ಇಲ್ಲವಾಗಿತ್ತು. ಒಂದು ಮಾತಿನಿಂದ ತಾಯಿಯ ಹೆದರಿಕೆ ಹೋಯಿತಲ್ಲ ಎಂದು ಚಿಗಪ್ಪನೂ ಹಿಗ್ಗಿದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಆಮೇಲೆ ನೆನಪಾಗುವ ಗಾದೆ. ಅವತ್ತು ನಾವೆಲ್ಲ ಶೇಂಗಾ ತಿನ್ನುತ್ತ ನಗುತ್ತಿದ್ದೆವು.

ಆ ರಜೆಯಲ್ಲೇ ಅವನಿಗೆ ಮದುವೆಯಾಯಿತು. ಹುಡುಗಿ ಮದ್ದಿಕೇರಿಯವಳು, ಗೌರವ್ವ, ನನಗಿಂತ ಐದಾರು ವರ್ಷ ದೊಡ್ಡವಳು. ಚಿಗವ್ವ ಎಂದು ಕರೆಯಬೇಕೆಂದು ನನಗೆ ಹೇಳಿಕೊಟ್ಟಿದ್ದರು. ನಾವಿಬ್ಬರೇ ಇದ್ದಾಗ ಗೌರಿ ಎನ್ನುತ್ತಿದ್ದೆ. ಕುಂಟಾಬಿಲ್ಲೆಯಲ್ಲಿ ಅವಳನ್ನು ಸೋಲಿಸಲು ನನ್ನಿಂದ ಆಗುತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ ಹಿತ್ತಲಲ್ಲಿ ಕುಂಟುತ್ತಿದ್ದವಳು ಅತ್ತೆಯ ಕೆಮ್ಮು ಕೇಳಿದ ಕೂಡಲೇ ನೆರಿಗೆ ಬಿಟ್ಟು ದೊಡ್ಡ ಹೆಂಗಸಾಗಿಬಿಡುತ್ತಿದ್ದಳು. ಗಂಡ ಅವಳಿಗೆ ಮಾತ್ರ ನಿಜ ಹೇಳಿದ್ದ. ವಿಮಾನ ದೊರೆಗಳದ್ದು, ತಾನು ಹೋಗುವುದು ಬರುವುದು ಹಡಗಿನಲ್ಲೇ, ಮುಂದಿನ ಸಲ ಬಂದಾಗ ನಿನ್ನನ್ನೂ ಅದರಲ್ಲೇ ಕರೆದುಕೊಂಡು ಹೋಗುತ್ತೇನೆ, ವಾಂತಿಯಾದರೆ ನನ್ನನ್ನು ಬೈಯಬೇಡ ಎಂದು.

ಅವನು ಮರಳಿ ಹೊರಟ ದಿನ ಅಜ್ಜಿ ಕಲ್ಕತ್ತಾದತನಕ ಮೂರು ಬುತ್ತಿ ಕಟ್ಟಿಟ್ಟು, ಕೈ ಒರೆಸಿಕೊಂಡು ಎದ್ದಳು. ಚಿಗವ್ವ ಯಾರಿಗೂ ಕಾಣದಂತೆ ಇನ್ನಷ್ಟು ಕಟಕ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಹಾಸಿಗೆಯ ಸುರುಳಿಯೊಳಗೆ ತುರುಕಿದ್ದಳು. ಕಟಕ ರೊಟ್ಟಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಜಟಕಾಕ್ಕೆ ಹಾಸಿಗೆ ಎತ್ತುವಾಗ ಸುರುಳಿ ಬಿಚ್ಚಿ ರೊಟ್ಟಿ ಅಂಗಳದ ತುಂಬ ಚೂರಾಯಿತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನವ್ವಾ ಇದು? ಇಳಿಹೊತ್ತಿಗೆ ಮುಟ್ಟೋ ಊರಿಗೆ ಇಷ್ಟು ರೊಟ್ಟಿ! ನನ್ನ ಮಗ ಏನು ನಡಕೊಂಡು ಹೋಗತಾನೇನು?" ಎಂದಳು. ಕಳಿಸಲು ಬಂದವರೂ ನಕ್ಕರು. ನಿಜ ಹೇಳುವ ಧೈರ್ಯ ಸಾಲದೆ ಚಿಗಪ್ಪನೂ ನಕ್ಕ. ಚಿಗವ್ವ ಬಗ್ಗಿ ಚೂರುಗಳನ್ನು ಆರಿಸುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ನಾನೂ ಜೊತೆಗೆ ಕೂತು ಆರಿಸಿದೆ. ಬುತ್ತಿ ಬೇಡದ ಊರಿಗೆ ಹೋಗುವವನೆಂದು ಅಜ್ಜಿ ಅವನನ್ನು ಕಳಿಸಲು ಕಟ್ಟೆಯನ್ನೂ ಇಳಿಯಲಿಲ್ಲ.

ಅದಾಗಿ ಒಂದು ವರ್ಷದೊಳಗೆ ಪೇಟೆಯಲ್ಲಿ ಜಪಾನಿನ ಮಾತು ಶುರುವಾಯಿತು. ನಮ್ಮಪ್ಪ ಅಂಗಡಿಯಲ್ಲಿ ಪೇಪರು ಓದಿ ಬಂದು ಊಟಕ್ಕೆ ಕೂತಾಗ ಹೇಳುತ್ತಿದ್ದ. ಒಂದು ದಿನ ಚಿಗವ್ವ ಬಾಗಿಲ ಮರೆಯಿಂದ ಈಚೆ ಬಂದು ನಿಂತಳು. ಹಾಗೆ ಭಾವನ ಎದುರು ಬಂದು ಮಾತಾಡಿದ್ದು ಅದೇ ಮೊದಲು.

"ಭಾವಾರ, ಅವರನ್ನ ಕರಸ್ರಿ. ನೌಕರಿ ಹೋದ್ರ ಹೋಗಲಿ. ತಂತಿ ಕೊಡ್ರಿ."

ನಮ್ಮಪ್ಪ ಅಜ್ಜಿಯ ಮುಖ ನೋಡಿದ. ನಮ್ಮ ಮನೆಯಲ್ಲಿ ದೂರದ ವಿಷಯಕ್ಕೆ ಅವಳದೇ ಕಡೆಯ ಮಾತು.

"ಯಾಕ ಕರಸಬೇಕು?" ಎಂದಳು ಅಜ್ಜಿ. "ಲಡಾಯಿ ಹತ್ರ ಬಂದ್ರ ತಾನ ಬರತಾನ. ಮುಂಜಾನಿ ಹತ್ತಿದ್ರ ಇಳಿಹೊತ್ತು."

"ಅತ್ತೀ, ಅವರು ವಿಮಾನದಾಗ ಬರೂದಿಲ್ಲ. ಹಡಗದಾಗ. ಅವರ ನನಗ ಹೇಳ್ಯಾರ."

"ಹೆಂಡತಿಗೆ ಒಂದು, ತಾಯಿಗೆ ಒಂದು ಹೇಳೋ ಮಗ ಅಲ್ಲ ನನ್ನ ಮಗ. ನಿನಗ ಗಂಡನ ಹಂಬಲ, ಅದನ್ನ ಹೇಳು. ದೂರದ ಲೆಕ್ಕ ನನಗ ಹೇಳಬ್ಯಾಡ."

ಚಿಗವ್ವ ಒಳಗೆ ಹೋದಳು. ಅಪ್ಪನಿಗೆ ನಿಜ ಗೊತ್ತಿತ್ತು. ಅವತ್ತು ಮಾಳಿಗೆಯ ಮೇಲೆ ಕಣ್ಣು ಹೊಡೆಸಿಕೊಂಡವನು ಅವನೇ. ಆದರೂ ಎರಡು ಮನಸ್ಸು ಮಾಡಿದ. ಅರಳೆಯ ಸುಗ್ಗಿ, ತಮ್ಮನ ನೌಕರಿ, ತಾಯಿಯ ಹಟ, ಎಲ್ಲಾ ಸೇರಿ ತಂತಿ ಮುಂದಕ್ಕೆ ಹೋಯಿತು. ಹತ್ತಿ ಗಾಡಿಗಳು ಪೇಟೆಯ ತುಂಬ ನಿಂತಿದ್ದ ಆ ಸುಗ್ಗಿಯಲ್ಲೇ ರಂಗೂನಿನ ಮೇಲೆ ಬಾಂಬು ಬಿತ್ತು. ಆಮೇಲೆ ಅಪ್ಪ ಕೊಟ್ಟ ತಂತಿಗಳಿಗೆ ಉತ್ತರ ಬರಲಿಲ್ಲ.

ಬಾಂಬು ಬಿದ್ದದ್ದು ಕೇಳಿ ಊರಿಗೆ ಊರೇ ನಮ್ಮ ಮನೆಗೆ ಬಂದರೂ ಅಜ್ಜಿ ಅಳಲಿಲ್ಲ. "ಇನ್ನ ಬಂದಾ ಬರತಾನ" ಎಂದಳು. ಸಂಜೆಗೆ ಒಂದು ಮುದ್ದೆ ಹೆಚ್ಚು ಮಾಡಿಸಲು ಹತ್ತಿದಳು. ಯುದ್ಧದ ಹೊತ್ತಾದ್ದರಿಂದ ಬಳ್ಳಾರಿಯ ಕಡೆಯಿಂದ ಆಗೀಗ ವಿಮಾನಗಳು ಹಾರಿಬರುತ್ತಿದ್ದವು. ಓಣಿಯ ಹುಡುಗರೆಲ್ಲ ಕೂಗುತ್ತ ಓಡುತ್ತಿದ್ದರು. ಅವರಿಗಿಂತ ಮುಂದೆ ಅಜ್ಜಿ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲಿರುತ್ತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು, ಅದು ಕೋಟೆಗುಡ್ಡ ದಾಟಿ ಚುಕ್ಕಿಯಾಗುವ ತನಕ ನೋಡುತ್ತಿದ್ದಳು. "ಇದು ಅಲ್ಲ, ಇದು ಮುಂದಿನ ಊರಿಂದು" ಎಂದು ನನಗೆ ಹೇಳಿ ಇಳಿಯುತ್ತಿದ್ದಳು. ಬಸ್ಸು ತಪ್ಪಿದವರು ಹೇಳುವ ಹಾಗೆ ಅಷ್ಟು ಸಲೀಸಾಗಿ. ನನಗೆ ಹೆದರಿಕೆಯಾಗುತ್ತಿತ್ತು. ಚಿಗವ್ವ ಮಾತ್ರ ವಿಮಾನದ ಸದ್ದಿಗೆ ತಲೆ ಎತ್ತುತ್ತಿರಲಿಲ್ಲ. ಅವಳು ಕಿವಿ ಇಟ್ಟಿದ್ದು ರೈಲಿನ ಸದ್ದಿಗೆ. ಮೇಲ್ ಗಾಡಿ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ತಲೆಬಾಗಿಲಲ್ಲಿ ನಿಂತು, ಜಟಕಾಗಳೆಲ್ಲ ಬೇರೆ ಬೇರೆ ಓಣಿಗೆ ತಿರುಗಿದ ಮೇಲೆ ಒಳಗೆ ಬರುತ್ತಿದ್ದಳು.

ಬೇಸಿಗೆ ಕಳೆದು, ಮುಂಗಾರಿನ ಮೊದಲ ಹನಿ ಬಿದ್ದ ಕಾಲಕ್ಕೆ ಒಬ್ಬ ಮನುಷ್ಯ ಕಟ್ಟೆಯ ಹತ್ತಿರ ಬಂದು ನಿಂತ. ಮೈಯಲ್ಲಿ ಮಾಂಸ ಇರಲಿಲ್ಲ, ಪಾದಗಳಿಗೆ ಬಟ್ಟೆ ಸುತ್ತಿದ್ದ. ನಾಗಲದಿನ್ನೆಯ ಈರಣ್ಣ ಎಂದ. ಹೊಲದ ಕೂಲಿ ಬಿಟ್ಟು ರಂಗೂನಿನ ಬಂದರದಲ್ಲಿ ಮೂಟೆ ಹೊರಲು ಹೋದವನು. ನಮ್ಮ ಕಡೆಯ ಮಾತು ಕಿವಿಗೆ ಬಿದ್ದು ಅಂಗಡಿಯೊಳಗಿನ ಚಿಗಪ್ಪನ ಪರಿಚಯ ಆಗಿತ್ತಂತೆ. ಅಜ್ಜಿ ಅವನನ್ನು ಒಳಗೆ ಕರೆದು, ಮೊದಲು ಉಣ್ಣು ಎಂದಳು. ಅವನು ಒಂದೊಂದು ತುತ್ತನ್ನೂ ನೋಡಿ ನೋಡಿ ಉಂಡ. ಅಷ್ಟು ಹೊತ್ತೂ ಯಾರೂ ಏನೂ ಕೇಳಲಿಲ್ಲ. ಕೇಳದಿರುವುದರಿಂದಲೇ ನಮಗೆಲ್ಲ ತಿಳಿದುಹೋಗಿತ್ತು ಎಂದು ಈಗ ಅನಿಸುತ್ತದೆ.

"ಹಡಗಕ್ಕ ಜನಾನ ಜನ ಇತ್ರವ್ವಾ" ಎಂದು ಕೈ ತೊಳೆದು ಶುರುಮಾಡಿದ. "ನಮಗ ಟಿಕೀಟು ಸಿಗಲಿಲ್ಲ. ವಿಮಾನ ಇದ್ದುವು. ಇರಲಿಲ್ಲಂತ ಹೇಳೂದಿಲ್ಲ. ಅವು ದೊರೆಗೋಳಿಗೆ. ನಾವು ನಡದ್ವಿ."

"ನಡದ್ರಿ? ಎಲ್ಲಿಗೆ?" ಎಂದಳು ಅಜ್ಜಿ.

"ಇಲ್ಲಿಗೇ."

ಅಜ್ಜಿ ಅವನ ಬಟ್ಟೆ ಸುತ್ತಿದ ಪಾದಗಳನ್ನು ನೋಡಿದಳು. ಆಮೇಲೆ, ಬೇರೆ ಯಾವ ರೀತಿ ಕೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲವಲ್ಲ, "ಎಷ್ಟು ಬುತ್ತಿ ದಾರಿಯಪ್ಪಾ?" ಎಂದಳು.

"ಅಲ್ಲಿ ಬುತ್ತಿ ಯಾರು ಕೇಳತಾರಬೇ? ನೀರು ಎಷ್ಟು ದೂರ ಅಂತ ಕೇಳತಿದ್ವಿ. ಗುಡ್ಡ, ಅಡವಿ. ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋದ್ರ ಅವತ್ತಿಗೆ ಬದುಕಿದ್ವಿ. ಬಾಳ ಮಂದಿ ದಾರ್ಯಾಗ ಉಳದ್ರು. ಮ್ಯಾಲ ವಿಮಾನ ಹೋಗತಿದ್ದುವು. ನಿಮ್ಮ ಮಗ ತಲಿ ಎತ್ತಿ ನೋಡಿ, 'ಈರಣ್ಣಾ, ಇದು ಇಳಿಹೊತ್ತಿಗೆ ಮುಟ್ಟತೈತಿ ನೋಡು' ಅಂತ ನಗತಿದ್ದ. 'ನಮ್ಮವ್ವ ನಾ ಅದರಾಗ ಅದೀನಿ ಅಂತ ತಿಳಕೊಂಡಾಳ' ಅಂತಿದ್ದ. ಬಾಳ ನಗಸೋ ಮನಶ್ಯಾರಿ ಅಂವ."

ಗುಡ್ಡದ ಆಚೆ ಇಳಿಯುವಾಗ ಚಿಗಪ್ಪನಿಗೆ ವಾಂತಿಭೇದಿ ಹತ್ತಿತಂತೆ. ಒಂದೇ ದಿನ. ಈರಣ್ಣ ಬೇರೆ ಜಾತಿಯವನು, ಆದರೂ ನಮ್ಮ ರೀತಿ ಅವನಿಗೆ ಗೊತ್ತಿತ್ತು. ಕೊರಳಲ್ಲಿದ್ದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು, ಕೂಡಿಸಿ, ಕೈಯಿಂದಲೇ ಕೆದರಿದಷ್ಟು ಕುಣಿಯಲ್ಲಿ ಮಣ್ಣು ಮಾಡಿದ್ದಾಗಿ ಹೇಳಿದ. "ಮಣ್ಣು ಬಾಳ ಹಾಕಾಕ ಆಗಲಿಲ್ಲವ್ವಾ. ಕಲ್ಲು ಇಟ್ಟೆ" ಎಂದು ಹೇಳಿ ಅತ್ತ. ನಮ್ಮ ಮನೆಯವರಿಗಿಂತ ಮೊದಲು ಅತ್ತವನು ಅವನೇ.

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಓಣಿಯ ಹೆಂಗಸರು ಬಂದು ಬಳೆ ಒಡೆಯುವ ತನಕ ಚಿಗವ್ವ ಕಾಯಲಿಲ್ಲ. ಒಂದೊಂದಾಗಿ ತಾನೇ ತೆಗೆದು ಗೂಡಿನಲ್ಲಿಟ್ಟಳು. ಅವಳ ಕಣ್ಣಿನಲ್ಲಿ ಒಂದು ಹನಿ ಇರಲಿಲ್ಲ. ನಾನು ಅವಳ ಸೆರಗು ಹಿಡಿದುಕೊಂಡು ಗೌರೀ ಗೌರೀ ಎಂದು ಅತ್ತೆ, ಎಲ್ಲರ ಎದುರಿಗೆ ಹೆಸರು ಹಿಡಿದು ಕರೆದೆನೆಂಬ ಎಚ್ಚರವೂ ಇಲ್ಲದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಿದ್ದಳು. ಆ ಕೈ ತಣ್ಣಗಿತ್ತು.

ಅಂದಿನಿಂದ ಆಕೆ ಅಜ್ಜಿಯ ಜೊತೆ ಮಾತು ಬಿಟ್ಟಳು. ಕೆಲಸವೆಲ್ಲ ಮಾಡುತ್ತಿದ್ದಳು. ಅತ್ತೆಗೆ ನೀರು ಕಾಸಿಕೊಡುತ್ತಿದ್ದಳು, ಎಲೆ ಅಡಿಕೆ ಕುಟ್ಟಿಕೊಡುತ್ತಿದ್ದಳು, ಎದುರಿಗೆ ಇಟ್ಟು ಹಿಂದೆ ತಿರುಗುತ್ತಿದ್ದಳು. ಬೈದಿದ್ದರೆ ಅಜ್ಜಿ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಉತ್ತರ ಕೊಡಲು ಅವಳಿಗೆ ಬರುತ್ತಿತ್ತು. ಕಟ್ಟೆಗೆ ಯಾರೋ ಬಂದು ಇಂಥ ಊರು ಎಷ್ಟು ಬುತ್ತಿ ಎಂದು ಎಂದಿನಂತೆ ಕೇಳಿದಾಗ, ಅಜ್ಜಿ "ಸ್ಟೇಶನ್ನಿನಾಗ ಕೇಳ್ರಿ" ಎಂದುಬಿಟ್ಟಳು. ಆಮೇಲೆ ಯಾರೂ ಕೇಳಲು ಬರಲಿಲ್ಲ. ವಿಮಾನದ ಸದ್ದಾದರೆ ಎದ್ದು ಒಳಗೆ ಹೋಗಿ ಕತ್ತಲಕೋಣೆಯಲ್ಲಿ ಕಾಳಿನ ಚೀಲಗಳ ನಡುವೆ ಕೂರುತ್ತಿದ್ದಳು. ನನಗೆ ಅಜ್ಜಿಯ ಮೇಲೆ ಸಿಟ್ಟೂ ಬರುತ್ತಿತ್ತು, ಅವಳನ್ನು ನೋಡಿದರೆ ಕನಿಕರವೂ ಆಗುತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹನ್ನೆರಡು ಹದಿಮೂರರ ಹುಡುಗಿಗೆ ಕಷ್ಟ. ಈಗಲೂ ಸುಲಭವಾಗಿದೆ ಎಂದು ಹೇಳಲಾರೆ. ಅವಳ ತಪ್ಪಾದರೂ ಏನು? ಮಗ ಹೇಳಿದ ಮಾತನ್ನು ನಂಬಿದಳು. ತಾನು ನಂಬಿದ್ದಕ್ಕೆ ಅಡ್ಡ ಬಂದ ಸೊಸೆಯ ಮಾತನ್ನು ತಳ್ಳಿಹಾಕಿದಳು. ಇಷ್ಟು ತಪ್ಪು ಮಾಡದ ಅತ್ತೆ ಯಾವ ಊರಿನಲ್ಲಿದ್ದಾಳೆ? ಆದರೆ ಎಲ್ಲರ ತಪ್ಪಿಗೂ ಇಷ್ಟು ದೊಡ್ಡ ದಂಡ ಬೀಳುವುದಿಲ್ಲ.

ಬಿತ್ತನೆ ಮುಗಿಯುತ್ತಲೂ ಚಿಗವ್ವನ ಅಣ್ಣ ಸಿದ್ದಣ್ಣ ಮದ್ದಿಕೇರಿಯಿಂದ ಬಂದ. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಮಕ್ಕಳಿಲ್ಲ ಮರಿಯಿಲ್ಲ, ಇಲ್ಲಿ ಯಾರನ್ನು ನೋಡಿ ಇರಬೇಕು ಎಂದ. ಅಪ್ಪನಿಗೆ ಇಲ್ಲ ಎನ್ನಲು ಬಾಯಿರಲಿಲ್ಲ. ಹೋಗುತ್ತೀಯಾ ಎಂದು ಚಿಗವ್ವನನ್ನು ಕೇಳಿದರೆ ಹೂಂ ಎಂದಳು. ಅದು ತವರಿಗೆ ಹೋಗಿಬರುವ ಮಾತಾಗಿರಲಿಲ್ಲ. ತಂದಿದ್ದ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿದಳು. ನನ್ನ ಎದೆ ಒಡೆಯಿತು. ಅವಳಿಗೆ ಮಾತ್ರ ಇಲ್ಲಿ ಉಳಿಯಲು ಯಾವ ಕಾರಣ ಇತ್ತು? ನಾನು ಕಾರಣವಾಗುವಷ್ಟು ದೊಡ್ಡವಳಲ್ಲ.

ಮರುದಿನ ಬೆಳಿಗ್ಗೆ ಜಟಕಾ ಬಂತು. ಟ್ರಂಕು ಹತ್ತಿಸಿ ಆಯಿತು. ಚಿಗವ್ವ ನಮ್ಮವ್ವನ ಕಾಲಿಗೆ ಬಿದ್ದಳು, ನನ್ನ ಗಲ್ಲ ಹಿಡಿದಳು. ಅಜ್ಜಿ ಕಾಳಿನ ಕೋಣೆಯಲ್ಲಿದ್ದಳು. ಚಿಗವ್ವ ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ನಡೆದಳು. ಸಿದ್ದಣ್ಣ ಒಳಗಿನವರಿಗೆ ಕೇಳಲೆಂದು ದೊಡ್ಡ ದನಿಯಲ್ಲಿ, "ಬರತೀವ್ರಿ ಅತ್ತೀ. ಏನು ದೂರಲ್ಲ. ಗುಂತಕಲ್ಲಿನಾಗ ಗಾಡಿ ಬದಲಿ ಮಾಡಿದ್ರ ಆತು" ಎಂದ.

ಅಜ್ಜಿ ಈಚೆ ಬಂದಳು. ಗೋಡೆ ಹಿಡಿದುಕೊಂಡು ಪಡಸಾಲೆ ದಾಟಿದಳು, ಹೊಸಿಲು ದಾಟಿದಳು, ಕಟ್ಟೆಯ ಮೆಟ್ಟಿಲನ್ನೂ ಇಳಿದು ಬೀದಿಯ ಮಣ್ಣಿನಲ್ಲಿ ನಿಂತಳು.

"ದೂರ ಐತಿ" ಎಂದಳು.

ಸಿದ್ದಣ್ಣನಿಗೆ ಅರ್ಥವಾಗಲಿಲ್ಲ. "ಏನ್ರಿ ಅತ್ತೀ?"

"ಮದ್ದಿಕೇರಿ. ಬಾಳ ದೂರ ಐತಪ್ಪಾ."

"ಮದ್ದಿಕೇರಿ ಏನು ದೂರ್ರಿ..." ಎಂದು ಅವನು ನಗಲು ಹೋದ. ಚಿಗವ್ವ ತಿರುಗಿದಳು. ತಿಂಗಳುಗಳ ಮೇಲೆ ಅವಳ ದನಿ ಆ ಮನೆಯ ಮುಂದೆ ಕೇಳಿತು. ನನಗದು ಅವಳದೆಂದೇ ಅನಿಸಲಿಲ್ಲ.

"ಈ ಮಾತು ಅವತ್ತು ಅವರಿಗೆ ಹೇಳಿದ್ರ ಆಗತಿರಲಿಲ್ಲೇನ ಅತ್ತೀ? ದೂರ ಐತಿ, ಹೋಗಬ್ಯಾಡ ಅಂತ ಒಂದು ಮಾತು? ನಾ ಹೇಳಿದ್ರ ಕೇಳಲಿಲ್ಲ ನೀವು. ಕೇಳಲಿಲ್ಲ."

ಬೀದಿಯವರೆಲ್ಲ ನೋಡುತ್ತಿದ್ದರು. ಸೊಸೆ ಅತ್ತೆಗೆ ಬೀದಿಯಲ್ಲಿ ನಿಂತು ಹೀಗೆ ಅಂದದ್ದನ್ನು ನಮ್ಮ ಓಣಿ ಅದುವರೆಗೆ ಕಂಡಿರಲಿಲ್ಲ. ಅಜ್ಜಿ ಸಿಟ್ಟಾಗಲಿಲ್ಲ. ತಲೆ ಅಲ್ಲಾಡಿಸಿದಳು, ಹೌದು ಹೌದು ಎನ್ನುವ ಹಾಗೆ.

"ಕೇಳಲಿಲ್ಲವ್ವಾ" ಎಂದಳು. "ನನಗ ದೂರ ಅಂದ್ರ ಗೊತ್ತಿರಲಿಲ್ಲ. ಈಗ ನಿನ್ನ ಕೋಣಿ ಬಾಗಲದಿಂದ ನನ್ನ ಕೋಣಿಗೆ ಎಷ್ಟು ದೂರ ಐತಿ ಅಂತ ಗೊತ್ತಾಗೇತಿ. ಅಷ್ಟು ದೂರಾನ ನನಗ ನಡ್ಯಾಕ ಆಗಲಿಲ್ಲ. ನೀ ಮದ್ದಿಕೇರಿಗೆ ಹೋದ್ರ ನಾ ಹೆಂಗ ಬರಲಿ?"

ಚಿಗವ್ವನ ಒಂದು ಕೈ ಜಟಕಾದ ಪಟ್ಟಿಯ ಮೇಲಿತ್ತು. ಅದನ್ನು ತೆಗೆದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಾಗೇ ಕುಸಿದು ನಮ್ಮ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಈರಣ್ಣ ಬಂದ ದಿನ ಅಳಬೇಕಾಗಿದ್ದದ್ದನ್ನೆಲ್ಲ ಅವತ್ತು ಅತ್ತಳು. ಅಜ್ಜಿ ಅವಳ ಪಕ್ಕದಲ್ಲಿ ಮಣ್ಣಿನಲ್ಲೇ ಕೂತು, ಸೊಸೆಯ ಬರಿಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಮಗನ ಹೆಸರು ಹಿಡಿದು ಕೂಗಿ ಅಳಲು ಶುರುಮಾಡಿದಳು. ಇಬ್ಬರಲ್ಲಿ ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದರೋ ಹೇಳಲಾರೆ.

"ಜಲ್ದಿ ಬಾರಮ್ಮೋ, ಗಾಡಿ ಟೇಮಾತು" ಎಂದು ಜಟಕಾದವನು ಎರಡು ಸಲ ಕೂಗಿದ. ಯಾರೂ ಏಳಲಿಲ್ಲ. ನಮ್ಮಪ್ಪ ಹೋಗಿ ಟ್ರಂಕನ್ನು ಇಳಿಸಿಕೊಂಡು ಬಂದ.